ರೇಷ್ಮೆಯ ಸೀಮೆಯಲ್ಲಿ ಗಪ್ಪಿ ಮೀನು



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಮನೆಗಳು ಈಗ ಅಪರೂಪವಲ್ಲ. ಅವುಗಳಲ್ಲಿ ಅತ್ಯಂತ ಅಗ್ಗವಾದುದೂ ಸುಲಭವಾಗಿ ಬದುಕುವಂಥದೂ ಗಪ್ಪಿ ಮೀನು. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು "ಮೇಷ್ಟ್ರೇ, ಮಕ್ಕಳು ಹಟ ಹಿಡಿದಿದ್ದಾರೆ, ಗಪ್ಪಿ ಸಾಕುವುದು ಹೇಗೆಂದು ಬರೆಯಿರಿ" ಎಂದು ಕೇಳಿದ್ದುಂಟು. ಬರೆಯಲು ಕುಳಿತಾಗ, ಈ ಮೀನಿಗೆ ನಮ್ಮ ಸೀಮೆಯಲ್ಲಿ ಒಂದು ಚರಿತ್ರೆಯಿದೆ, ಅದನ್ನು ಹೇಳದೆ ಸಾಕುವ ವಿಧಾನವನ್ನಷ್ಟೇ ಹೇಳಿದರೆ ಪಾಠ ಅರ್ಧವಾಗುತ್ತದೆ ಎನಿಸಿತು. ಆ ಚರಿತ್ರೆಯಲ್ಲಿ ಮಲೇರಿಯಾ ಇದೆ, ಡಿ.ಡಿ.ಟಿ. ಇದೆ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಅನ್ನದಾತನಾದ ರೇಷ್ಮೆಹುಳು ಇದೆ. ಆದುದರಿಂದ ಮೊದಲು ಕಥೆ, ಆಮೇಲೆ ತೊಟ್ಟಿ.

ಮೀನನ್ನು ಸಾಕಿ ನೋಡಿ ಸಂತೋಷಪಡುವುದು ಹೊಸದೇನಲ್ಲ. ಕನ್ನಡ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಗಾಳ ಹಾಕುವ ರಾಜವಿನೋದವನ್ನು ವಿವರಿಸುತ್ತ, ಮೀನುಗಳ ಬಗೆಗಳನ್ನೂ ಯಾವುದಕ್ಕೆ ಯಾವ ಆಹಾರ ಹಿಡಿಸುತ್ತದೆ ಎಂಬುದನ್ನೂ ಅಲ್ಲಿ ಹೇಳಿದೆ. ಚೀನಾದೇಶದವರು ಸುಮಾರು ಸಾವಿರ ವರ್ಷಗಳಿಂದ ಬಂಗಾರದ ಮೀನನ್ನು ಸಾಕುತ್ತ ಬಂದಿದ್ದಾರೆ. ಆದರೆ ಗಾಜಿನ ತೊಟ್ಟಿಯಲ್ಲಿ ಗಿಡವನ್ನೂ ಮೀನನ್ನೂ ಜೊತೆಗಿಟ್ಟು, ಗಿಡ ಬಿಡುವ ಆಮ್ಲಜನಕದಿಂದ ಮೀನು ಬದುಕುವಂತೆ ಮಾಡುವ ಪ್ರಯೋಗ 1850ರ ಸುಮಾರಿನ ಇಂಗ್ಲೆಂಡಿನದು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಗಳ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು. ನಮ್ಮ ಪ್ರಾಂತದ ಅನೇಕರು ಅಕ್ವೇರಿಯಂ ಎಂಬುದನ್ನು ಮೊದಲು ಕಂಡದ್ದು ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ. ಅಲ್ಲಿಯ ಸರ್ಕಾರಿ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ.

ಇನ್ನು ಗಪ್ಪಿಯ ಹೆಸರಿನ ಕಥೆ. ಈ ಮೀನಿನ ತವರು ದಕ್ಷಿಣ ಅಮೆರಿಕದ ಉತ್ತರ ಭಾಗದ ವೆನೆಜುವೆಲಾ ಮತ್ತು ಅದರ ಪಕ್ಕದ ಟ್ರಿನಿಡಾಡ್ ದ್ವೀಪ. ವೆನೆಜುವೆಲಾದಿಂದ ಬಂದ ಮಾದರಿಗಳನ್ನು ನೋಡಿ ಬರ್ಲಿನ್ನಿನ ವಿಲ್ಹೆಲ್ಮ್ ಪೀಟರ್ಸ್ ಎಂಬ ವಿದ್ವಾಂಸ 1859ರಲ್ಲಿ ಇದಕ್ಕೆ ಪೊಯಿಸೀಲಿಯಾ ರೆಟಿಕ್ಯುಲೇಟಾ ಎಂದು ಹೆಸರಿಟ್ಟ. ನಮ್ಮ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಎಂದು ನೆನಪಿಟ್ಟುಕೊಳ್ಳಿ. ತರುವಾಯ ಟ್ರಿನಿಡಾಡಿನಲ್ಲಿದ್ದ ರಾಬರ್ಟ್ ಜಾನ್ ಲೆಕ್ಮಿಯರ್ ಗಪ್ಪಿ ಎಂಬವರು ಅದೇ ಮೀನನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳುಹಿಸಿದರು. ಅಲ್ಲಿಯ ಗುಂಥರ್ ಅದನ್ನು ಹೊಸ ಜಾತಿಯೆಂದು ಭಾವಿಸಿ 1866ರಲ್ಲಿ ಗಪ್ಪಿಯವರ ಹೆಸರನ್ನೇ ಅದಕ್ಕೆ ಕೊಟ್ಟರು. ಮೊದಲು ಇಟ್ಟ ಹೆಸರೇ ಸಿಂಧುವೆಂಬ ಶಾಸ್ತ್ರನಿಯಮದಂತೆ ಗುಂಥರರ ಹೆಸರು ಬಿದ್ದುಹೋಯಿತು. ಆದರೆ ಜನರ ಬಾಯಲ್ಲಿ 'ಗಪ್ಪಿ' ಉಳಿಯಿತು.

ಈ ಮೀನು ವಿಜ್ಞಾನಿಗಳಿಗೂ ಪ್ರಿಯವಾದುದು. ಗಂಡು ಗಪ್ಪಿಯ ಮೈಮೇಲಿನ ಕೆಲವು ಚುಕ್ಕೆಗಳು ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಬರುತ್ತವೆ ಎಂಬುದನ್ನು ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ 1920ರಲ್ಲಿ ತೋರಿಸಿದರು. 1922ರಲ್ಲಿ ವಿಂಗೆ ಎಂಬವರು ಅದು ವೈ ವರ್ಣತಂತುವಿನ ಮೂಲಕ ಸಾಗುವ ಗುಣವೆಂದು ವಿವರಿಸಿದರು. ಮುಂದೆ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಟ್ರಿನಿಡಾಡಿನ ಹಳ್ಳಗಳಲ್ಲಿ ಅಧ್ಯಯನ ನಡೆಸಿ, 1980ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಗಪ್ಪಿಯನ್ನು ತಿನ್ನುವ ದೊಡ್ಡ ಮೀನುಗಳಿರುವ ಕಡೆ ಗಂಡುಗಳ ಬಣ್ಣ ಮಂಕು. ವೈರಿಗಳು ಕಡಿಮೆಯಿರುವ ಕಡೆ ಬಣ್ಣ ಉಜ್ಜ್ವಲ. ಕೆಲವೇ ತಲೆಮಾರುಗಳಲ್ಲಿ ಈ ಬದಲಾವಣೆ ಆಗುತ್ತದೆ. ಒಂಬತ್ತನೆಯ ತರಗತಿಯಲ್ಲಿ ಜೀವವಿಕಾಸದ ಪಾಠ ಮಾಡುವಾಗ ನಾನು ಹೇಳುತ್ತಿದ್ದ ಉದಾಹರಣೆಗಳಲ್ಲಿ ಇದೂ ಒಂದು.

ಇಂಥ ಮೀನು ಕಡಲು ದಾಟಿ ಭಾರತಕ್ಕೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಗಪ್ಪಿ ಇಲ್ಲಿ ಹೆಸರಾದದ್ದು ಅಂದಕ್ಕಿಂತ ಹೆಚ್ಚಾಗಿ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ ಎಂಬ ಕಾರಣದಿಂದ. ಇದರ ದಾಯಾದಿಯಾದ ಗಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಇದೇ ಕೆಲಸಕ್ಕೆ ತರಿಸಿದರು. ಸೊಳ್ಳೆ ನೀರಿನ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಉಸಿರಾಡಲು ಮತ್ತೆ ಮತ್ತೆ ನೀರಿನ ಮೇಲ್ಮೈಗೆ ಬರಬೇಕು. ಗಪ್ಪಿಯ ಬಾಯಿ ಮೇಲ್ಮುಖವಾಗಿದೆ. ಅದು ಓಡಾಡುವುದೂ ಹೆಚ್ಚಾಗಿ ಮೇಲ್ಮೈಯ ಬಳಿಯೇ. ಆದುದರಿಂದ ದಿನಕ್ಕೆ ಹಲವು ಹತ್ತು ಮರಿಗಳನ್ನು ಅದು ನಿರಾಯಾಸವಾಗಿ ನುಂಗಿಬಿಡುತ್ತದೆ.

ಸೊಳ್ಳೆಯನ್ನು ನೀರಿನಲ್ಲಿಯೇ ತಡೆಯಬೇಕೆಂಬ ವಿಚಾರಕ್ಕೂ ಕರ್ನಾಟಕಕ್ಕೂ ಹಳೆಯ ನಂಟು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೆ ಮೊದಲು 1883ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಮರಿಯಾಗುವುದನ್ನು ಕಂಡು ತೊಟ್ಟಿಯನ್ನು ಬೋರಲು ಹಾಕಿಸಿದರು, ಕಾಟ ಇಳಿಯಿತು. ಈ ಪ್ರಸಂಗವನ್ನು ಅವರೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಮುಂದೆ ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ನಡೆಯಿತು. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಸಂಶೋಧಕರು ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಯ ಒಂದು ಪ್ರಭೇದವನ್ನು ಗುರುತಿಸಿ, ಅದಕ್ಕೆ 'ಮೈಸೂರೆನ್ಸಿಸ್' ಎಂದು ನಮ್ಮ ಸಂಸ್ಥಾನದ ಹೆಸರನ್ನೇ ಇಟ್ಟರು. ಹೆಮ್ಮೆಪಡುವಂಥ ಗೌರವವೇನೂ ಅಲ್ಲ. ಆದರೂ ಚರಿತ್ರೆ ಚರಿತ್ರೆಯೇ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಡಿ.ಡಿ.ಟಿ. ಬಂದಿತು. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಗುರುತಿಸಿದ ಪಾಲ್ ಮ್ಯೂಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಸುಮಾರು ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದ ಫಲವಾಗಿ 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆಗ ಎಲ್ಲರೂ ಗೆದ್ದೆವೆಂದು ಭಾವಿಸಿದರು. ಅಷ್ಟರಲ್ಲಿ ಸೊಳ್ಳೆಗಳು ವಿಷವನ್ನು ತಾಳಿಕೊಳ್ಳುವುದನ್ನು ಕಲಿತವು, ಕಾರ್ಯಕ್ರಮವೂ ಸಡಿಲಗೊಂಡಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ ದಾಟಿತು.

ಇಲ್ಲಿ ನಮ್ಮ ಸೀಮೆಯ ಒಂದು ವಿಶೇಷವನ್ನು ಹೇಳಬೇಕು. ಬೇರೆ ಜಿಲ್ಲೆಗಳಲ್ಲಿ ಡಿ.ಡಿ.ಟಿ.ಯನ್ನು ಜನ ಬೇಡವೆಂದರೆ ಅದು ವಾಸನೆಗೋ ಗೋಡೆಯ ಮೇಲಿನ ಕಲೆಗೋ ಇರಬಹುದು. ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ರೇಷ್ಮೆ ಸಾಕಣೆದಾರ ಬೇಡವೆಂದರೆ ಅದು ಹೊಟ್ಟೆಯ ಪ್ರಶ್ನೆ. ಪ್ರತ್ಯೇಕವಾದ ಹುಳುಮನೆ ಕಟ್ಟಿಕೊಳ್ಳುವ ಅನುಕೂಲ ಹಿಂದೆ ಎಷ್ಟು ಜನಕ್ಕಿತ್ತು? ಮನೆಯ ನಡುಮನೆಯಲ್ಲೇ ತಟ್ಟೆಗಳ ಅಟ್ಟಣಿಗೆ, ಅದರ ಪಕ್ಕದಲ್ಲೇ ಮಕ್ಕಳ ಹಾಸಿಗೆ. ಹುಳು ಇರುವ ಮನೆಗೆ ಕೀಟನಾಶಕ ಹೊಡೆದರೆ ಸೊಳ್ಳೆ ಸಾಯುತ್ತದೋ ಇಲ್ಲವೋ, ರೇಷ್ಮೆಹುಳು ಖಂಡಿತ ಸಾಯುತ್ತದೆ. ಅದೂ ಕೀಟವೇ ಅಲ್ಲವೆ? ನಾನು ಹಳ್ಳಿಯ ಶಾಲೆಯಲ್ಲಿದ್ದ ಕಾಲದಲ್ಲಿ ಸಿಂಪಡಣೆಯವರು ಬಂದಾಗ ಒಬ್ಬ ವೃದ್ಧೆ ಬಾಗಿಲಿಗೆ ಅಡ್ಡ ನಿಂತು, "ನಾಲ್ಕನೇ ಜ್ವರ ಎದ್ದವೆ ಕಣಪ್ಪಾ, ಇನ್ನೊಂದು ವಾರಕ್ಕೆ ಹಣ್ಣಾಗ್ತವೆ. ಆಮೇಲೆ ಬಾ" ಎಂದು ಕೈಮುಗಿದದ್ದನ್ನು ಕಂಡಿದ್ದೇನೆ.

ನಮ್ಮ ಕಡೆಯವರಲ್ಲದ ಓದುಗರಿಗಾಗಿ ಒಂದು ಮಾತು: ರೇಷ್ಮೆಹುಳು ಪೊರೆ ಕಳಚುವಾಗ ಮೇವು ಬಿಟ್ಟು ಅಲುಗಾಡದೆ ಕೂರುತ್ತದೆ. ಅದನ್ನು ನಮ್ಮವರು 'ಜ್ವರ' ಎನ್ನುತ್ತಾರೆ. ಹುಳುವಿಗೆ ನಾಲ್ಕು ಜ್ವರ. ನಾಲ್ಕನೆಯದು ಕಳೆದ ಮೇಲೆ ಅದು ಸೊಪ್ಪನ್ನು ಎಡೆಬಿಡದೆ ತಿಂದು, ಹಣ್ಣಾಗಿ, ಚಂದ್ರಂಕಿಗೆ ಏರಿ ಗೂಡು ಕಟ್ಟುತ್ತದೆ. ಆ ಏಳೆಂಟು ದಿನಗಳಲ್ಲಿ ಬೆಳೆ ಕೈಗೆ ಬರಬೇಕು, ಅಥವಾ ಬೀದಿಗೆ ಬೀಳಬೇಕು. ಸಾಲಗಾರನ ವಾಯಿದೆಯೂ ಮಗಳ ಮದುವೆಯ ಖರ್ಚೂ ಆ ಗೂಡಿನ ಮೇಲೆಯೇ ನಿಂತಿರುತ್ತವೆ. ಹುಳುವಿನ ಜ್ವರ ಏಳಬೇಕೆಂದರೆ ಮನುಷ್ಯನ ಜ್ವರವನ್ನು ಸಹಿಸಬೇಕು ಎಂಬಂಥ ಸ್ಥಿತಿ. ಇದರಲ್ಲಿ ಆ ವೃದ್ಧೆಯದೂ ತಪ್ಪಲ್ಲ, ಸಿಂಪಡಣೆಗೆ ಬಂದ ಹುಡುಗರದೂ ತಪ್ಪಲ್ಲ.

ಈ ಬಿಕ್ಕಟ್ಟಿಗೆ ದೊರೆತ ಉತ್ತರಗಳಲ್ಲಿ ಒಂದು ಗಪ್ಪಿ ಮೀನು. ಮಲೇರಿಯಾ ಸಂಶೋಧನ ಕೇಂದ್ರದವರು 1983ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ವಿಷವನ್ನು ನೆಚ್ಚಿಕೊಳ್ಳದೆ, ಗುಂಡಿಗಳನ್ನು ಮುಚ್ಚುವುದು, ಚರಂಡಿ ಸರಿಪಡಿಸುವುದು, ಕೊಳಗಳಿಗೆ ಗಪ್ಪಿ ಬಿಡುವುದು ಮುಂತಾದ ಉಪಾಯಗಳ ಪ್ರಯೋಗವನ್ನು ಆರಂಭಿಸಿದ್ದರು. ಅದೇ ಸಂಸ್ಥೆಯ ಬೆಂಗಳೂರು ಘಟಕದ ವಿಜ್ಞಾನಿಗಳು 1990ರ ದಶಕದಲ್ಲಿ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಪ್ರದೇಶದ ಹಳ್ಳಿಗಳ ಬಾವಿಗಳಿಗೂ ಹಳ್ಳಗಳಿಗೂ ಮೀನು ಬಿಟ್ಟರು. ಆಗ ನಮ್ಮ ತಾಲ್ಲೂಕುಗಳೂ ಕೋಲಾರ ಜಿಲ್ಲೆಗೇ ಸೇರಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಬಾವಿಗಳಲ್ಲಿ ಮರಿಯಾಗುವ ಅನಾಫಿಲಿಸ್ ಕುಲಿಸಿಫೇಸಿಸ್ ಅಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ. ಮೀನು ಬಿಟ್ಟ ಮೇಲೆ ಸೊಳ್ಳೆಮರಿಗಳೂ ಮಲೇರಿಯಾ ಪ್ರಕರಣಗಳೂ ಬಹಳವಾಗಿ ಇಳಿದವೆಂದು ಅವರು ವರದಿ ಮಾಡಿದರು. ರೇಷ್ಮೆಹುಳುವಿಗೆ ಇದರಿಂದ ಯಾವ ಅಪಾಯವೂ ಇರಲಿಲ್ಲ. ಮೀನು ಬಾವಿಯಲ್ಲಿತ್ತು, ಹುಳು ತಟ್ಟೆಯಲ್ಲಿತ್ತು.

ಶಾಸ್ತ್ರದ ವಿಷಯದಲ್ಲಿ ಒಂದು ಕಡೆಯ ಮಾತನ್ನಷ್ಟೇ ಹೇಳಬಾರದು. ಲೋಕದ ನಾನಾ ಕಡೆ ನಡೆದ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆಯೊಂದು 2013ರಲ್ಲಿ ಹೊರಬಂದು 2017ರಲ್ಲಿ ಪರಿಷ್ಕೃತವಾಯಿತು. ಮೀನು ಬಿಟ್ಟರೆ ಕೆಲವು ಬಗೆಯ ನೀರಿನಲ್ಲಿ ಸೊಳ್ಳೆಮರಿ ಕಡಿಮೆಯಾಗಬಹುದು, ಆದರೆ ಮನುಷ್ಯರಿಗೆ ಮಲೇರಿಯಾ ತಗಲುವುದು ಇದರಿಂದಲೇ ಕಡಿಮೆಯಾಗುತ್ತದೆ ಎನ್ನಲು ಸಾಕಷ್ಟು ಗಟ್ಟಿಯಾದ ಪುರಾವೆಯಿಲ್ಲ ಎಂಬುದು ಅದರ ಸಾರ. ಮೀನು ಒಂದು ಸಹಾಯಕ. ಮೀನು ಬಿಟ್ಟೆವೆಂದು ಮಿಕ್ಕ ಕೆಲಸ ಬಿಡುವಂತಿಲ್ಲ.

ಈ ನಡುವೆ ನಮ್ಮ ಸೀಮೆಯ ನೀರಿನ ರೀತಿಯೇ ಬದಲಾಯಿತು. ನಮಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಗೌರಿಬಿದನೂರಿನ ಉತ್ತರ ಪಿನಾಕಿನಿ ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ತೆರೆದ ಬಾವಿಗಳು ಬಹುಪಾಲು ಬತ್ತಿದವು, ಸಾವಿರ ಅಡಿ ಮೀರಿದ ಕೊಳವೆಬಾವಿಗಳು ಬಂದವು. ಬಾವಿಯ ಜೊತೆಗೆ ಬಾವಿಯ ಸೊಳ್ಳೆಯೂ ಕಡಿಮೆಯಾಯಿತು. ಇಂದು ಕರ್ನಾಟಕದಲ್ಲಿ ಮಲೇರಿಯಾ ಬಹಳ ಇಳಿದಿದೆ. ಆದರೆ ಕೆಲವು ದಿನಗಳಿಗೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರಿನಲ್ಲಿ ಮನೆಮನೆಗೂ ಸಿಮೆಂಟ್ ತೊಟ್ಟಿ, ಸಂಪು, ಡ್ರಮ್ಮುಗಳು ಬೇಕಾದವು. ಶುದ್ಧವಾದ, ನಿಂತ, ನೆರಳಿನ ನೀರು ಈಡಿಸ್ ಈಜಿಪ್ಟೈ ಎಂಬ ಹಗಲು ಕಚ್ಚುವ ಸೊಳ್ಳೆಗೆ ಬಹಳ ಪ್ರಿಯ. ಡೆಂಗಿ, ಚಿಕೂನ್‌ಗುನ್ಯ, ಜೀಕಾ ಮೂರನ್ನೂ ಹರಡುವುದು ಅದೇ.

2006ರ ಚಿಕೂನ್‌ಗುನ್ಯವನ್ನು ಯಾರು ಮರೆತಾರು? ಆ ವರ್ಷ ದೇಶದಲ್ಲಿ ದಾಖಲಾದ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಕರ್ನಾಟಕದವು. ಮನೆಯವರೆಲ್ಲ ಕೀಲುನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕೈಬೆರಳು ಮಡಚುತ್ತಿರಲಿಲ್ಲ. ತರುವಾಯ ರಾಜ್ಯದ ಕೆಲವು ಹಳ್ಳಿಗಳಲ್ಲಿ ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಿಗೆ ಗಪ್ಪಿಯನ್ನೂ ಗಂಬೂಸಿಯಾವನ್ನೂ ಬಿಟ್ಟು ವಿಜ್ಞಾನಿಗಳು ಹೋಲಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಎರಡೂ ಮೀನುಗಳು ಈಡಿಸ್ ಮರಿಗಳನ್ನು ತಗ್ಗಿಸಿದವು. ಗಂಬೂಸಿಯಾ ಹೆಚ್ಚು ಸಮರ್ಥವೆನಿಸಿತು. ಆರೋಗ್ಯ ಇಲಾಖೆಯ ಭಾಷೆಯಲ್ಲಿ ಇವು 'ಲಾರ್ವಾಹಾರಿ ಮೀನುಗಳು'. ನಮ್ಮ ಹಳ್ಳಿಯ ಮಕ್ಕಳಿಗೆ ಮಾತ್ರ ಇವು ಅರ್ಧ ಕನ್ನಡ, ಅರ್ಧ ತೆಲುಗಿನ 'ದೋಮ ತಿನ್ನೋ ಮೀನು'.

2023ರಲ್ಲಿ ನಮ್ಮ ಹೆಸರು ಪತ್ರಿಕೆಗಳಿಗೆ ಬಂದದ್ದೂ ಸೊಳ್ಳೆಯಿಂದಲೇ. ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಆಗಸ್ಟ್ ತಿಂಗಳಲ್ಲಿ ಸಂಗ್ರಹಿಸಿದ್ದ ಸೊಳ್ಳೆಗಳ ಮಾದರಿಯಲ್ಲಿ ಜೀಕಾ ವೈರಾಣು ಇರುವುದು ಪತ್ತೆಯಾಯಿತು. ಸುತ್ತಲಿನ ಐದು ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳಲ್ಲಿ ಎಚ್ಚರಿಕೆ ಘೋಷಿಸಿ, ಗರ್ಭಿಣಿಯರ ರಕ್ತದ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಿದರು. ಮರುವರ್ಷ, 2024ರಲ್ಲಿ, ರಾಜ್ಯದಲ್ಲಿ ಡೆಂಗಿ ಪ್ರಕರಣಗಳು 25,000 ದಾಟಿದವು; ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ತೊಟ್ಟಿಯ ನೀರಿನಲ್ಲಿ ಏನಿದೆ ಎಂದು ನೋಡುವುದು ಇಂದಿಗೂ ಜೀವನ್ಮರಣದ ಪ್ರಶ್ನೆಯೇ.

ಈಗ ಮನೆಯ ಅಕ್ವೇರಿಯಮ್ಮಿಗೆ ಬರೋಣ. ರೇಷ್ಮೆ ಸಾಕಿದ ಮನೆಯವರಿಗೆ ಮೀನು ಸಾಕುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕೈ ತೊಳೆದು ಮುಟ್ಟುವುದು, ಹೊತ್ತಿಗೆ ಸರಿಯಾಗಿ ಮೇವು ಕೊಡುವುದು, ಮಿಕ್ಕ ಮೇವು ಕೊಳೆಯದಂತೆ ತೆಗೆಯುವುದು, ವಿಷದ ಗಾಳಿ ತಾಗದಂತೆ ಕಾಯುವುದು ಅವರ ರಕ್ತದಲ್ಲೇ ಇದೆ. ಕ್ರಮವನ್ನು ಮಾತ್ರ ಹೇಳುತ್ತೇನೆ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಆರಂಭಕ್ಕೆ ಸಾಕು. ಅದರಲ್ಲಿ ಐವತ್ತು ಲೀಟರಿನಷ್ಟು ನೀರು ಹಿಡಿಯುತ್ತದೆ. ಕಲ್ಲು, ನೀರು, ಗಾಜು ಸೇರಿ ಅರುವತ್ತು ಕಿಲೋ ಮೀರುವುದರಿಂದ ಗಟ್ಟಿಯಾದ ಸಮತಟ್ಟು ಮೇಜು ಬೇಕು. ನೇರ ಬಿಸಿಲು ಬೀಳುವ ಕಡೆ ಇಟ್ಟರೆ ಪಾಚಿ ಕಟ್ಟುತ್ತದೆ. ಸಣ್ಣ ಜಲ್ಲಿಯನ್ನು ಸೋಪು ಸೋಕಿಸದೆ ತೊಳೆದು ಎರಡು ಅಂಗುಲ ಹರಡಿ. ಗಪ್ಪಿಗೆ ಸ್ವಲ್ಪ ಗಡಸು ನೀರೇ ಹಿತ. ನಮ್ಮ ಕೊಳವೆಬಾವಿಯ ನೀರನ್ನು ಬೇಳೆ ಬೇಯುವುದಿಲ್ಲವೆಂದು ನಾವು ಬೈಯುತ್ತೇವೆ. ಗಪ್ಪಿಗೆ ಅದೇ ಹೊಂದುತ್ತದೆ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನವಾದರೂ ಇಟ್ಟು ಬಳಸಿರಿ. 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಉತ್ತಮ. ನಂದಿಬೆಟ್ಟದ ಮಗ್ಗುಲಿನ ಚಿಕ್ಕಬಳ್ಳಾಪುರದಲ್ಲಿ ಮಾರ್ಗಶಿರ, ಪುಷ್ಯಗಳ ಚಳಿಗೆ ಮೀನು ಮಂಕಾಗುವುದರಿಂದ ಆ ಎರಡು ತಿಂಗಳು ಸಣ್ಣ ಹೀಟರ್ ಇದ್ದರೆ ಒಳ್ಳೆಯದು.

ತೊಟ್ಟಿ ತುಂಬಿಸಿದ ದಿನವೇ ಮೀನು ಬಿಡುವುದು ಸಲ್ಲದು. ಮೀನಿನ ಕಲ್ಮಷದಿಂದ ಅಮೋನಿಯಾ ಉಂಟಾಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದರ ಕೇಡು ಕಡಿಮೆ, ಗಿಡಗಳು ಅದನ್ನು ಹೀರಿಕೊಳ್ಳುತ್ತವೆ. ಈ ಉಪಕಾರಿ ಜೀವಿಗಳು ಜಲ್ಲಿಯ ಮೇಲೂ ಫಿಲ್ಟರಿನ ಸ್ಪಂಜಿನಲ್ಲೂ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸೊಪ್ಪಿನ ಗಿಡ ನೆಟ್ಟು, ಫಿಲ್ಟರ್ ಓಡಿಸುತ್ತ, ದಿನಕ್ಕೆ ಚಿಟಿಕೆ ಮೀನಿನ ಆಹಾರ ಹಾಕುತ್ತ ಕಾಯಿರಿ. ಕಾಯುವುದನ್ನು ಕಲಿಸುವುದೇ ಈ ಹವ್ಯಾಸ ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ.

ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿರಲಿ. ಇಲ್ಲವಾದರೆ ಗಂಡುಗಳ ಬೆನ್ನಟ್ಟುವಿಕೆಯಿಂದ ಹೆಣ್ಣು ಸೊರಗುತ್ತದೆ. ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುವ ಮೀನು. ನಾಲ್ಕು ವಾರಕ್ಕೊಮ್ಮೆ ಹತ್ತಾರು ಮರಿಗಳು ಬರುತ್ತವೆ. ತಾಯಿಯೇ ಮರಿಗಳನ್ನು ತಿನ್ನುವುದುಂಟು; ದಟ್ಟವಾದ ಗಿಡವಿದ್ದರೆ ಕೆಲವು ಅಡಗಿ ಉಳಿಯುತ್ತವೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ದಿನಕ್ಕೆರಡು ಬಾರಿ ಕೊಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ತೆಗೆದ ನೀರನ್ನು ತುಳಸಿಗೋ ಕರಿಬೇವಿಗೋ ಹಾಕಿ, ಚೆನ್ನಾಗಿ ಚಿಗುರುತ್ತವೆ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬೇಡಿ, ಸೊಳ್ಳೆಯ ದ್ರವದ ಯಂತ್ರ ಉರಿಸಬೇಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನಿಗೂ ರೇಷ್ಮೆಹುಳುವಿಗೂ ಒಂದೇ ಸಮನಾಗಿ ಮಾರಕ. ಹುಳುಮನೆಗೆ ನೀವು ಪಾಲಿಸುವ ನಿಯಮವನ್ನೇ ಇಲ್ಲಿಯೂ ಪಾಲಿಸಿದರಾಯಿತು.

ಕೊನೆಯದಾಗಿ, ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮರಿಗಳು ಹೆಚ್ಚಾದಾಗ, ಅಥವಾ ಮಕ್ಕಳಿಗೆ ಬೇಸರ ಬಂದಾಗ, "ಪಾಪ, ಬದುಕಿಕೊಳ್ಳಲಿ" ಎಂದು ಕೆಲವರು ಮೀನನ್ನು ಕೆರೆಗೋ ಕುಂಟೆಗೋ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಪ್ಪಿ ಕೊಳಕು ನೀರನ್ನೂ ತಾಳಿಕೊಂಡು ಬೇಗ ಬೇಗ ಹೆಚ್ಚುವ ಪರದೇಶಿ ಮೀನು. ಅದು ನಮ್ಮ ನೀರಿನ ಸಣ್ಣ ಮೀನುಗಳ ಮರಿಗಳನ್ನೂ ಮೊಟ್ಟೆಗಳನ್ನೂ ತಿನ್ನುತ್ತದೆ, ಅವುಗಳ ಆಹಾರಕ್ಕೂ ಕೈಹಾಕುತ್ತದೆ. ಗಂಬೂಸಿಯಾ ಇನ್ನೂ ಕೇಡಿನದು. ಲೋಕದ ನೂರು ಅತಿ ಹಾವಳಿಯ ಪರಕೀಯ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಈ ಎರಡು ಮೀನುಗಳನ್ನು ಹೊರಗಿನ ನೀರಿಗೆ ಬಿಡುವ ಪ್ರಶ್ನೆ 2025ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಬಂದಿತು. ನಮ್ಮ ನಾಡಿನಲ್ಲಿಯೇ ಸೊಳ್ಳೆಮರಿ ತಿನ್ನುವ ಮೀನುಗಳಿವೆ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುವ, ನೀರಿನ ಮೇಲ್ಮೈಯಲ್ಲೇ ತೇಲುತ್ತಿರುವ ಸಣ್ಣ ಮೀನನ್ನು ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಬೊಗಸೆಯಲ್ಲಿ ಹಿಡಿದಿರಬಹುದು. ಆಪ್ಲೋಕೈಲಸ್ ಎಂಬ ಕುಲದ ಮೀನು ಅದು. ಗಪ್ಪಿ ಮಾಡುವ ಕೆಲಸವನ್ನು ಅದು ಇಲ್ಲಿ ಮೊದಲಿನಿಂದಲೂ ಮಾಡಿಕೊಂಡು ಬಂದಿದೆ.

ಹೊರಗಿನಿಂದ ಬಂದ ಜೀವಿಯ ಲಾಭನಷ್ಟವನ್ನು ರೇಷ್ಮೆಯವರಿಗೆ ವಿವರಿಸಬೇಕೆ? 1980ರ ಮೇ ತಿಂಗಳಲ್ಲಿ ಬಂಗಾಳದ ಕಡೆಯಿಂದ ಗೂಡುಗಳ ಜೊತೆಯಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಗಳನ್ನೇ ಹಾಳುಮಾಡಿತು. ಹುಳುಮನೆಯ ಕಿಟಕಿ ಬಾಗಿಲುಗಳಿಗೆಲ್ಲ ನೈಲಾನ್ ಪರದೆ ಬಂದದ್ದು ಆಗಲೇ. ಆ ನೊಣವನ್ನು ಹತೋಟಿಗೆ ತರಲು ನೆಸೊಲಿಂಕ್ಸ್ ಥೈಮಸ್ ಎಂಬ ಸಣ್ಣ ಪರಾವಲಂಬಿ ಕೀಟವನ್ನು ಸಾಕಿ ಹಂಚಿದರು. ಅದು ನೊಣದ ಕೋಶವನ್ನು ನಾಶಮಾಡಿತೇ ಹೊರತು ರೇಷ್ಮೆಹುಳುವನ್ನು ಮುಟ್ಟಲಿಲ್ಲ. ಜೀವಿಯನ್ನು ಜೀವಿಯಿಂದ ಹತೋಟಿಗೆ ತರಬಹುದು. ಆದರೆ ಯಾವುದನ್ನು, ಎಲ್ಲಿ, ಎಷ್ಟು ಎಂಬ ವಿವೇಕ ಬೇಕು. ಹೆಚ್ಚಾದ ಗಪ್ಪಿಗಳನ್ನು ನೆರೆಮನೆಯ ಮಕ್ಕಳಿಗೆ ಕೊಡಿ, ಶಾಲೆಗೆ ಕೊಡಿ, ಅಂಗಡಿಯವನಿಗೇ ಮರಳಿಸಿ. ಕೆರೆಗೆ ಹರಿಯುವ ಚರಂಡಿಗೂ ಅವನ್ನು ಬಿಡಬೇಡಿ. ಕುಡಿಯುವ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ, ಉಜ್ಜಿ, ಒಣಗಿಸಿ ತುಂಬಿಸಿರಿ. ಈಡಿಸ್ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರಬಲ್ಲದಾದ್ದರಿಂದ ಉಜ್ಜುವುದನ್ನು ಮರೆಯಬಾರದು.

ಕೈಬೆರಳಿಗಿಂತ ಚಿಕ್ಕದಾದ ಈ ಮೀನು, ವಿಷ ಹೊಡೆಯಲಾಗದ ಮನೆಗಳಿದ್ದ ಸೀಮೆಯ ಜನರಿಗೆ ಒಂದು ಕಾಲದಲ್ಲಿ ನೆರವಾಯಿತು. ಆ ಕೃತಜ್ಞತೆಯಿಂದ ಅದನ್ನು ಮನೆಯಲ್ಲಿ ಪ್ರೀತಿಯಿಂದ ಸಾಕೋಣ. ಕೆರೆಯನ್ನು ಕೆರೆಯ ಮೀನುಗಳಿಗೇ ಬಿಡೋಣ. ತೊಟ್ಟಿ ಕೂಡಿಸುವವರು ಮಕ್ಕಳ ಕೈಯಲ್ಲಿ ಒಂದು ನೋಟ್‌ಪುಸ್ತಕ ಕೊಟ್ಟು, ಮೀನು ಬಿಟ್ಟ ದಿನ, ಮರಿ ಹಾಕಿದ ದಿನ, ಮರಿಗಳ ಬಣ್ಣ ಎಲ್ಲವನ್ನೂ ಬರೆಯಿಸಿರಿ. ತಂದೆಯ ಚುಕ್ಕೆ ಯಾವ ಮಗನಿಗೆ ಬಂತೆಂದು ಅವರೇ ಕಂಡುಕೊಳ್ಳಲಿ.